ಕೆಂಪು ಕಡ್ಡಿ ಕೈ, ಕಪ್ಪು ಕಡ್ಡಿ ಕಾಲು

ಗ್ರೈಂಡರಿನ ಉಕ್ಕಿನ ಹಿಡಿಗೆ ಅವ್ವ ಹಳೆಯ ರವಿಕೆಯ ತೋಳೊಂದನ್ನು ಸುತ್ತಿದ್ದಳು. ಎರಡು ಸುತ್ತು ಬಟ್ಟೆ, ಮೇಲೆ ಎರಡು ರಬ್ಬರ್ ಬ್ಯಾಂಡು; ಒಂದು ಹಳದಿ, ಒಂದು ಕೆಂಪು. ಹಿಟ್ಟು ಹತ್ತಿ ಒಣಗಿ ಬಟ್ಟೆ ಹಿಡಿಯ ಆಕಾರಕ್ಕೇ ಗಟ್ಟಿಯಾಗಿತ್ತು. ದಿನಾ ನೋಡುತ್ತಿದ್ದೆ. ನಮ್ಮ ಮನೆಯಲ್ಲಿ ಫ್ರಿಜ್ಜಿಗೂ ಬಟ್ಟೆ, ಮಿಕ್ಸಿಗೂ ಬಟ್ಟೆ, ಟಿವಿಗೂ ಬಟ್ಟೆ. ಕಲೆಯಾಗದಿರಲಿ ಎಂದು ಇದಕ್ಕೂ ಒಂದು ಸುತ್ತಿದ್ದಾಳೆ ಅಂದುಕೊಂಡೆ.

ಅದು ಕಲೆಗಾಗಿ ಅಲ್ಲ, ಶಾಕ್ ಹೊಡೆಯದಿರಲಿ ಎಂದು ಸುತ್ತಿದ್ದು ಎಂದು ತಿಳಿಯಲು ನನಗೆ ಎರಡು ತಿಂಗಳು ಬೇಕಾಯಿತು. ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು.

ಶಿಕಾರಿಪುರದ ಆ ಮನೆಯಲ್ಲಿ ನಾವು ಮೂವರು. ಅಪ್ಪಾಜಿಗೆ ಪೇಟೆಯಲ್ಲಿ ಬೀಜ-ಗೊಬ್ಬರದ ಅಂಗಡಿ. ನಾನು ಸೊರಬದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಬೆಳಿಗ್ಗೆ ಏಳರ ಬಸ್ಸಿಗೆ ಹೋದರೆ ಬರುವುದು ಸಂಜೆ ಏಳಕ್ಕೆ. ಹೋಗುವಾಗ ಶಿರಾಳಕೊಪ್ಪದವರೆಗೆ ನಿಂತು, ಬರುವಾಗ ಶಿರಾಳಕೊಪ್ಪದಿಂದ ನಿಂತು. ಮನೆಗೆ ಬಂದು ಚೀಲ ಇಟ್ಟ ಮೇಲೆ ಯಾರಾದರೂ ಏನಾದರೂ ಹೇಳಿದರೆ ಮಾತು ಕಿವಿಗೆ ಬೀಳುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ. ಅವ್ವ ಸಂಕ್ರಾಂತಿ ಕಳೆದ ವಾರ ಹೇಳಿದ್ದೂ ಹಾಗೇ ಆಯಿತು.

“ಗ್ರೈಂಡರ್ ಮುಟ್ಟಿದ್ರೆ ಕೈ ಜುಮ್ ಅಂತೈತಿ” ಅಂದಳು.

ಅವ್ವನಿಗೆ ಸಕ್ಕರೆ ಕಾಯಿಲೆ ಬಂದು ಆರು ವರ್ಷ. ಪಾದ ಜುಮ್ಮೆನ್ನುತ್ತದೆ ಎಂದು ಆಗಲೇ ಮಾತ್ರೆ ತೆಗೆದುಕೊಳ್ಳುತ್ತಿದ್ದಳು. ಬರಿಗಾಲಲ್ಲಿ ಓಡಾಡಬಾರದು ಎಂದು ಡಾಕ್ಟರು ಮನೆಯೊಳಗೆ ಹಾಕಲು ಮೆತ್ತನೆಯ ಚಪ್ಪಲಿ ಬರೆದುಕೊಟ್ಟಿದ್ದರು. ಆಕೆ ಅದನ್ನು ಪಡಸಾಲೆಯಲ್ಲಿ, ಕೋಣೆಯಲ್ಲಿ, ಹಿತ್ತಿಲಲ್ಲಿ ಹಾಕುತ್ತಿದ್ದಳು. ಅಡಿಗೆಮನೆಯ ಹೊಸ್ತಿಲಿಗೆ ಬಂದಾಗ ಮಾತ್ರ ಬಿಡುತ್ತಿದ್ದಳು, ದೇವರ ಜಗಲಿ ಅಡಿಗೆಮನೆಯ ಮೂಲೆಯಲ್ಲೇ ಇತ್ತಲ್ಲ. ದಿನದ ಯಾವ ಹೊತ್ತಿಗೆ ನೋಡಿದರೂ ಹೊಸ್ತಿಲಿನಾಚೆ ಆ ಜೋಡಿ ಇದ್ದರೆ ಅವ್ವ ಒಳಗಿದ್ದಾಳೆ ಎಂದು ಅರ್ಥ.

ಕೈ ಜುಮ್ಮೆನ್ನುವುದಕ್ಕೂ ಡಾಕ್ಟರು ಸಕ್ಕರೆಯನ್ನೇ ಹೊಣೆ ಮಾಡಿ ಮಾತ್ರೆ ಒಂದಿದ್ದದ್ದನ್ನು ಎರಡು ಮಾಡಿದರು. ಅವ್ವ ಮಾತ್ರೆ ನುಂಗಿದಳು, ಒಪ್ಪಲಿಲ್ಲ.

“ಸಕ್ಕರೆ ಜುಮ್ಮು ಪಾದದಾಗಿರ್ತೈತಿ. ಕೂತ್ರೂ ಇರ್ತೈತಿ, ಮಲಗಿದ್ರೂ ಇರ್ತೈತಿ. ಇದು ಮೊಣಕೈ ತನಕ ಬರ್ತೈತಿ. ಕೈ ತೆಗೆದ್ರೆ ಹೋಗ್ತೈತಿ. ಅಡಿಗೆಮನೆ ಬಿಟ್ಟು ಬ್ಯಾರೆ ಎಲ್ಲೂ ಇಲ್ಲ.”

ಅಪ್ಪಾಜಿ ಪೇಪರಿನಿಂದ ತಲೆ ಎತ್ತಿ, “ಅಡಿಗೆಮನೆಗೆ ಹೋದ್ರೆ ಮಾತ್ರ ಬರೋ ಕಾಯಿಲೆ ನಮ್ಮಂಗಡಿ ಕೆಲಸಗಾರ್ರಿಗೂ ಐತಿ. ಮೂಟೆ ಮುಟ್ಟಿದ್ರೆ ಅವರಿಗೂ ಹಿಂಗೇ ಆಗ್ತೈತಿ” ಅಂದರು. ನನಗೂ ನಗು ಬಂತು. ಅವ್ವ ನಗಲಿಲ್ಲ. ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. ಅಪ್ಪಾಜಿ ಒಂದು ಪರಿಹಾರವನ್ನೂ ಹೇಳಿದರು. “ಕರೆಂಟೇ ಅನ್ನೋದಾದ್ರೆ ಅರ್ಥಿಂಗ್ ಗುಂಡಿ ಒಣಗಿರ್ತೈತಿ. ದಿನಾ ಒಂದು ಬಕೀಟು ನೀರು ಹಾಕು.”

ಬಚ್ಚಲಿನ ಹಿಂದೆ ನೆಲದಲ್ಲಿ ಹೂತ ಕಬ್ಬಿಣದ ಪೈಪೇ ನಮ್ಮ ಅರ್ಥಿಂಗ್. ಸುತ್ತ ಉಪ್ಪು, ಇದ್ದಿಲು ತುಂಬಿದ ಗುಂಡಿ. ಅವ್ವ ಬೆಳಿಗ್ಗೆ ಸ್ನಾನ ಮಾಡಿ ಬರುತ್ತಾ ಅದಕ್ಕೆ ಒಂದು ಬಕೀಟು ನೀರು ಹಾಕಿ, ಒದ್ದೆ ಕಾಲಲ್ಲೇ ಒಳಗೆ ಬಂದು ಪೂಜೆ ಮಾಡಿ, ಹಿಟ್ಟು ರುಬ್ಬಲು ನಿಲ್ಲುತ್ತಿದ್ದಳು. ನೀರು ಹಾಕಿದ ದಿನ ಜುಮ್ಮು ಕಡಿಮೆ ಎಂದೂ ಒಮ್ಮೆ ಹೇಳಿದಳು. ನಾನು ಬಸ್ಸಿಗೆ ತಲೆ ಬಾಚಿಕೊಳ್ಳುತ್ತಿದ್ದೆ.

ಸೊರಬದಲ್ಲಿ ನಾನು ಸಂಜೆ ಬಸ್ಸಿಗೆ ಕಾಯುವ ಜಾಗದ ಎದುರಿಗೆ ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಸುಟ್ಟ ಪಂಪುಸೆಟ್ಟುಗಳು ಚಂದ್ರಗುತ್ತಿ ಕಡೆಯಿಂದೆಲ್ಲ ಅಲ್ಲಿಗೆ ಬರುತ್ತವೆ. ನಡೆಸುವವರು ನಲವತ್ತೈದರ ಆಸುಪಾಸಿನ ಒಬ್ಬ ಹೆಂಗಸು. ಗಂಡ ಹಳ್ಳಿಗಳಿಗೆ ಹೋಗಿ ಮೋಟಾರು ಎತ್ತಿಸಿ ತಂದರೆ, ಒಳಗಿನ ತಾಮ್ರದ ತಂತಿ ಬಿಚ್ಚಿ ಹೊಸದಾಗಿ ಸುತ್ತುವುದು ಇವರು. ಬೆರಳ ತುದಿಗಳಲ್ಲಿ ವಾರ್ನಿಷಿನ ಕಂದು ಬಣ್ಣ ಹೋಗುವುದೇ ಇಲ್ಲ. ಎಷ್ಟೋ ದಿನ ದೂರದಿಂದ ನೋಡಿದ್ದೆ. ನಾನಾಗಿ ಮಾತಾಡಿಸುವವಳಲ್ಲ.

“ಎಂಥ ಮೇಡಂ, ಅಲ್ಲಿ ನಿಂತ್ರೆ ಬಸ್ಸು ಬೇಗ ಬರ್ತದಾ? ಒಳಗೆ ಬಂದು ಕೂರಿ ಮಾರಾಯ್ರೆ” ಅಂದವರು ಅವರೇ.

ಕೂತೆ. ಅವರು ಒಂದು ಮೋಟಾರಿನ ತಂತಿಗಳಿಗೆ ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಮುಟ್ಟಿಸುತ್ತಿದ್ದರು. ಮೀಟರು ಕೆಲವು ಕಡೆ ಕೀಂಯ್ ಅನ್ನುತ್ತಿತ್ತು, ಕೆಲವು ಕಡೆ ಸುಮ್ಮನಿರುತ್ತಿತ್ತು.

“ಕಾಲೇಜಲ್ಲಿ ಎಂಥ ಪಾಠ ನಿಮ್ಮದು?”

“ಫಿಸಿಕ್ಸ್.”

“ಹಂಗಾದ್ರೆ ಇದೆಲ್ಲ ಗೊತ್ತಿರ್ತದೆ, ಬಿಡಿ.”

“ಇಲ್ಲ, ಗೊತ್ತಿಲ್ಲ.”

ಕೈ ನಿಲ್ಲಿಸಿ ನನ್ನನ್ನು ನೋಡಿದರು. “ಗೊತ್ತಿಲ್ಲ ಅಂದ ಎಂಎಸ್ಸಿ ನೀವೇ ಮೊದಲು.”

ನಿಜವಾಗಿಯೂ ಗೊತ್ತಿರಲಿಲ್ಲ. ಓದುವಾಗ ಪ್ರಯೋಗಾಲಯದಲ್ಲಿ ನಾವು ಎಂಟು ಜನಕ್ಕೆ ಒಂದು ಮೇಜು. ತಂತಿ ಜೋಡಿಸುವವರು ಬೇರೆ, ಗುಂಡಿ ತಿರುಗಿಸುವವರು ಬೇರೆ. ನನ್ನ ಅಕ್ಷರ ಚೆನ್ನಾಗಿತ್ತು, ನಾನು ಬರೆದುಕೊಳ್ಳುವವಳು. ಎಷ್ಟು ಬರಬೇಕು ಎಂಬುದು ಅಳೆಯುವ ಮೊದಲೇ ತಿಳಿದಿರುತ್ತಿತ್ತು. ಈಗ ಅದೇ ಬಗೆಯ ಮೇಜಿನ ಆಚೆ ಬದಿ ನಿಂತು, ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ತಿಳಿಯದೆ, ಅದೇ ಪ್ರಯೋಗಗಳನ್ನು ಮಾಡಿಸುತ್ತಿದ್ದೆ.

ಆ ಫೆಬ್ರವರಿಯಲ್ಲಿ ಬಸ್ಸು ತಡವಾದ ಸಂಜೆಗಳಲ್ಲೆಲ್ಲ ಸ್ವಲ್ಪ ಸ್ವಲ್ಪ ಕಲಿತೆ. ಅವರು ಕಲಿಸುತ್ತೇನೆ ಎಂದು ಕಲಿಸಲಿಲ್ಲ, ಕೆಲಸ ಮಾಡುತ್ತಾ ಬಾಯಲ್ಲಿ ಹೇಳುತ್ತಾ ಹೋದರು. ಕಡ್ಡಿಗಳನ್ನು ಬೇರೆ ಯಾವುದಕ್ಕೂ ಮುಟ್ಟಿಸುವ ಮೊದಲು ಒಂದಕ್ಕೊಂದು ಮುಟ್ಟಿಸಿ ಕೀಂಯ್ ಅನಿಸುವುದು ಅವರ ಪದ್ಧತಿ. “ಮೊದಲು ಮೀಟರಿಗೇ ಪರೀಕ್ಷೆ. ಅದರ ವೈರೇ ಒಳಗೆ ತುಂಡಾಗಿದ್ರೆ ಎಲ್ಲಾ ಸರಿ ಅಂತ ಸುಳ್ಳು ಹೇಳ್ತದೆ.” ಕೀಂಯ್ ಅನ್ನುವ ಜಾಗದಲ್ಲಿ ಮೀಟರಿನ ಗುಂಡಿ ಇಟ್ಟುಕೊಂಡು ಕರೆಂಟಿರುವ ಕಡೆ ಕಡ್ಡಿ ಇಡಬಾರದು. ಮನೆಯ ಕರೆಂಟು ಅಳೆಯುವಾಗ ಅಲೆಯ ಗುರುತಿರುವ ಜಾಗಕ್ಕೆ ತಿರುಗಿಸಿ, ಅಲ್ಲೂ ಮೊದಲು ದೊಡ್ಡ ಅಂಕಿಗೆ. ಬೆರಳು ಕಡ್ಡಿಯ ಕತ್ತಿನ ಉಬ್ಬು ದಾಟಬಾರದು. ಒಮ್ಮೆ ನಾನು ಕೆಂಪು ವೈರನ್ನು ಬೇರೆ ತೂತಿಗೆ ಹಾಕಿದೆ. “ಅಲ್ಲಿ ಬೇಡ! ಅದು ಬೇರೆ ಲೆಕ್ಕಾಚಾರದ್ದು. ಅದಕ್ಕೆ ಹಾಕಿ ಪ್ಲಗ್ಗಿಗೆ ಇಟ್ರೆ ಮೀಟರೂ ಹೋಗ್ತದೆ, ಮೇಡಮ್ಮೂ ಹಾರ್ತಾರೆ” ಅಂದರು. ತಪ್ಪು ಮಾಡಿ ಬೈಸಿಕೊಂಡು ಎಷ್ಟೋ ವರ್ಷವಾಗಿತ್ತು. ಯಾಕೋ ಹಾಯೆನಿಸಿತು.

ಶಿಕಾರಿಪುರದ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಒಂದು ಚಿಕ್ಕ ಹಳದಿ ಮೀಟರು ಕೊಂಡೆ. ಮರುದಿನ ಭಾನುವಾರ, ಊಟವಾದ ಮೇಲೆ ಅಡಿಗೆಮನೆಗೆ ಹೋಗಿ ಗ್ರೈಂಡರ್ ಅಳೆದೆ. ಗ್ರೈಂಡರ್ ಸಿಕ್ಕಿಸಿದ್ದರ ಪಕ್ಕದ ಪ್ಲಗ್ಗಿನ ಎರಡು ತೂತುಗಳ ನಡುವೆ 228. ಸರಿ ಇತ್ತು. ಆಮೇಲೆ ಕೆಂಪು ಕಡ್ಡಿಯನ್ನು ಗ್ರೈಂಡರಿನ ಹಿಡಿಗೆ, ಕಪ್ಪು ಕಡ್ಡಿಯನ್ನು ಅದೇ ಪಕ್ಕದ ಪ್ಲಗ್ಗಿನ ಮೇಲಿನ ದೊಡ್ಡ ತೂತಿಗೆ, ಅಂದರೆ ಅರ್ಥಿಂಗಿಗೆ ಇಟ್ಟೆ. ಸೊನ್ನೆ. ಮತ್ತೆ ಇಟ್ಟೆ. ಸೊನ್ನೆ.

ಅವ್ವ ಬಾಗಿಲಲ್ಲಿ ನಿಂತಿದ್ದಳು. “ಏನೂ ಇಲ್ಲ ಅವ್ವ” ಅಂದೆ.

“ಏನೂ ಇಲ್ಲಾ?”

“ಇಲ್ಲ. ನೋಡು, ಸೊನ್ನೆ.”

ಪಡಸಾಲೆಯಿಂದ ಅಪ್ಪಾಜಿ, “ಆತಲ್ಲ, ಎಂಎಸ್ಸಿನೂ ಹೇಳಿದ್ಮ್ಯಾಲೆ ಇನ್ನೇನೈತಿ. ಮಾತ್ರೆ ಬಿಡಬ್ಯಾಡ” ಅಂದರು.

ಅವ್ವ ಆ ಮೇಲೆ ಗ್ರೈಂಡರಿನ ಮಾತೆತ್ತಲಿಲ್ಲ. ಹಿಡಿಗೆ ಬಟ್ಟೆ ಬಂದದ್ದು ಅದೇ ವಾರ. ಗುಣವಾಗಿದೆ ಎಂದು ನಾನು ತಿಳಿದೆ. ಸರಿಯಾಗಿ ಹೇಳಬೇಕೆಂದರೆ, ತಿಳಿದುಕೊಳ್ಳುವಷ್ಟೂ ಯೋಚಿಸಲಿಲ್ಲ. ಪರೀಕ್ಷೆಗಳು ಹತ್ತಿರ ಬಂದಿದ್ದವು. ಉಡುತಡಿ ಕಡೆಗೆ ತಿರುಗುವ ಜಾಗದಲ್ಲಿ ಬಸ್ಸು ಜರ್ಕು ಹೊಡೆದಾಗ ನಿಂತಲ್ಲೇ ಎಚ್ಚರವಾಗುತ್ತಿತ್ತು. ಅಷ್ಟರವರೆಗೆ ನಿಂತೇ ನಿದ್ದೆ.

ಏಪ್ರಿಲಿನ ಒಂದು ರಜೆಯ ದಿನ ಅಡಿಗೆಮನೆ ಒರೆಸುತ್ತಿದ್ದೆ. ಆ ಬಟ್ಟೆ ತೀರ ಕೊಳೆಯಾಗಿದೆ ಎಂದು ರಬ್ಬರ್ ಬ್ಯಾಂಡಿಗೆ ಕೈ ಹಾಕಿದೆ.

“ಬಿಚ್ಚಬ್ಯಾಡ ಅದನ್ನ” ಅಂದಳು ಅವ್ವ.

“ತೊಳೆದು ಹಾಕ್ತೀನಿ.”

“ಬ್ಯಾಡ ಅಂದೆ. ನಾಳೆ ಬೆಳಿಗ್ಗೆ ಬರಿಗೈಲಿ ಹೆಂಗ್ ಹಿಡೀಲಿ?”

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. “ನಾನು ಅಳೆದು ನೋಡಿದ್ನಲ್ಲ ಅವ್ವ.”

“ನೋಡಿದ್ದಿ. ನಿನ್ನ ಮಿಷನ್ನಿಗೆ ಏನೂ ಇರಲಿಲ್ಲ. ನನಗೆ ಐತಿ.”

ಸಿಟ್ಟಿನಿಂದ ಹೇಳಿದ್ದಲ್ಲ. ಅಕ್ಕಿ ಆರಿಸುತ್ತಾ, ತಟ್ಟೆಯಿಂದ ಕಣ್ಣು ತೆಗೆಯದೆ ಹೇಳಿದಳು. ಎರಡು ತಿಂಗಳು ದಿನಾ ಬೆಳಿಗ್ಗೆ ಶಾಕ್ ಹೊಡೆಸಿಕೊಂಡು, ಅದು ಇಲ್ಲ ಎಂದು ಮಗಳೇ ಹೇಳಿದ್ದರಿಂದ ಬಾಯಿ ಮುಚ್ಚಿಕೊಂಡು, ಅವಳು ತನಗೆ ಸಿಕ್ಕಿದ ಒಂದು ತೋಳಿನ ಬಟ್ಟೆಯಿಂದ ಸಂಭಾಳಿಸಿದ್ದಳು.

ಮರುದಿನ ಸಂಜೆ ವೈಂಡಿಂಗ್ ಅಂಗಡಿಗೆ ನಾನೇ ಹೋದೆ. ಎಲ್ಲ ಹೇಳಿದೆ. ಅವರು ತಂತಿ ಸುತ್ತುವುದು ನಿಲ್ಲಿಸಲಿಲ್ಲ.

“ಸೊನ್ನೆ ಬಂತು ಅಂದ್ರಲ್ಲ. ಕಪ್ಪು ಕಡ್ಡಿ ಎಲ್ಲಿಟ್ಟಿದ್ರಿ?”

“ಪ್ಲಗ್ಗಿನ ಅರ್ಥಿಂಗಿಗೆ.”

“ಗ್ರೈಂಡರಿನ ಮೈಯಿಂದ ವೈರು ಬಂದು ಸೇರೋದೆಲ್ಲಿಗೆ?”

ಉತ್ತರ ಬಾಯಿಗೆ ಬರುವ ಮೊದಲೇ ನನ್ನ ಮುಖ ಬಿಸಿಯಾಯಿತು. ಅದೇ ಅರ್ಥಿಂಗಿಗೆ. ಒಂದೇ ತಂತಿಯ ಈ ತುದಿಗೂ ಆ ತುದಿಗೂ ಕಡ್ಡಿ ಇಟ್ಟು, ವ್ಯತ್ಯಾಸ ಇಲ್ಲ ಎಂದು ಸಾರಿದ್ದೆ. ಎರಡೂ ಒಟ್ಟಿಗೆ ನೆಲದಿಂದ ಎಷ್ಟು ಮೇಲೆ ಏರಿ ಕೂತಿದ್ದರೂ ಅವುಗಳ ನಡುವೆ ಸೊನ್ನೆಯೇ.

“ನಿಮ್ಮಮ್ಮ ಹಿಟ್ಟು ರುಬ್ಬುವಾಗ ಪ್ಲಗ್ಗಿನ ಮೇಲೆ ನಿಲ್ತಾರಾ?” ಅಂದರು ಅವರು. “ನೆಲದ ಮೇಲೆ ಅಲ್ದಾ? ಕೆಂಪು ಕಡ್ಡಿ ಅವರ ಕೈ ಅಂತ ತಿಳ್ಕೊಳ್ಳಿ. ಕಪ್ಪು ಕಡ್ಡಿ ಅವರ ಕಾಲು. ಅವರು ಎಷ್ಟೊತ್ತಿಗೆ ಮುಟ್ತಾರೋ ಅಷ್ಟೊತ್ತಿಗೇ ಅಳೀರಿ. ಮಧ್ಯಾಹ್ನ ಉಂಡು ಅಳೆದ್ರೆ ಎಂಥ ಸಿಗ್ತದೆ?”

“ನೆಲಕ್ಕೆ ಹೇಗೆ ಇಡೋದು?”

“ಹಳೇ ಕಬ್ಬಿಣದ ಪೈಪಿನ ನಲ್ಲಿ ಇದ್ರೆ ಅದಕ್ಕೆ ಇಡಿ, ಅದು ನೆಲದೊಳಗಿಂದ ಬಂದಿರ್ತದೆ. ಮತ್ತೆ ಒಂದು ಮಾತು. ಈ ಮೀಟರು ಭಾರೀ ಸೂಕ್ಷ್ಮ, ಇಲ್ಲದ ಕರೆಂಟನ್ನೂ ಕೆಲವು ಸಲ ತೋರಿಸ್ತದೆ. ಅಂಕಿ ಬಂತು ಅಂತ ಹೆದರಬೇಡಿ. ಎರಡು ಕಡ್ಡಿ ಮುಟ್ಟಿದ ಜಾಗಕ್ಕೇ ಒಂದು ಬಲ್ಬೂ ಜೋಡಿಸಿ. ಸುಳ್ಳು ಅಂಕಿ ಆದ್ರೆ ಬಿದ್ದು ಹೋಗ್ತದೆ. ನಿಜ ಆದ್ರೆ ನಿಲ್ತದೆ.” ಮೇಜಿನ ಕೆಳಗಿಂದ ಹೋಲ್ಡರ್ ಸಮೇತ ಹಳೆಯ ಕಾಲದ ತಂತಿ ಬಲ್ಬು ತೆಗೆದು, ಎರಡು ವೈರುಗಳ ತುದಿಗೆ ಹಲ್ಲಿನ ಕ್ಲಿಪ್ಪು ಸಿಕ್ಕಿಸಿ ಕೊಟ್ಟರು. “ವಾಪಸ್ ತನ್ನಿ ಮತ್ತೆ. ಇಂಥ ಬಲ್ಬು ಈಗ ಸಿಗಾದಿಲ್ಲ.”

ಬಸ್ಸಿನಲ್ಲಿ ಆ ಬಲ್ಬನ್ನು ದುಪಟ್ಟಾದಲ್ಲಿ ಸುತ್ತಿ ಎರಡೂ ಕೈಯಲ್ಲಿ ಹಿಡಿದು ನಿಂತೆ. ಕಂಬಿ ಹಿಡಿಯಲು ಕೈ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಆರಕ್ಕೆ ಅವ್ವ ಸ್ನಾನ ಮಾಡಿ, ಗುಂಡಿಗೆ ನೀರು ಹಾಕಿ, ಚಪ್ಪಲಿ ಹೊಸ್ತಿಲಲ್ಲಿ ಬಿಟ್ಟು ಬಂದಳು. “ಇವತ್ತು ಸ್ವಲ್ಪ ಹೊತ್ತು ಮುಟ್ಟಬೇಡ” ಅಂದೆ. ಏನೂ ಕೇಳದೆ ಜಗಲಿಯ ಪಕ್ಕಕ್ಕೆ ಸರಿದು ನಿಂತಳು. ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿದೆ, ಕೀಂಯ್ ಅಂತು. ಮೀಟರಿನ ಗುಂಡಿಯನ್ನು ಅಲೆಯ ಗುರುತಿಗೆ ತಿರುಗಿಸಿದೆ. ಕಪ್ಪನ್ನು ಹಳೇ ಕಬ್ಬಿಣದ ಪೈಪಿನ ನಲ್ಲಿಯ ಹಿತ್ತಾಳೆಗೆ, ಕೆಂಪನ್ನು ಬಟ್ಟೆಯ ಅಂಚಿನಲ್ಲಿ ಬರಿಯ ಉಕ್ಕು ಕಾಣುವ ಕಡೆ ಇಟ್ಟೆ. ಮೂರು ವೋಲ್ಟು.

ಬರೀ ಮೂರು. ಮತ್ತೆ ಅದೇ ಮಾತು ಹೇಳಬೇಕಾಗುತ್ತದೆಯೇ ಎಂದು ಕಡ್ಡಿಯನ್ನು ಇನ್ನೊಮ್ಮೆ ಒತ್ತಿ ಹಿಡಿದೆ.

“ತಡಿ” ಅಂದಳು ಅವ್ವ. “ಅವರು ಇನ್ನೂ ಸ್ನಾನಕ್ಕೆ ಹೋಗಿಲ್ಲ.”

ಅವಳಿಗೆ ಗೊತ್ತಿತ್ತು. ಯಾಕೆ ಎಂದು ಗೊತ್ತಿರಲಿಲ್ಲ, ಯಾವಾಗ ಎಂದು ಗೊತ್ತಿತ್ತು. ಅಪ್ಪಾಜಿ ಬಚ್ಚಲಿಗೆ ಹೋಗಿ ಗೀಸರ್ ಹಾಕಿದ ಸದ್ದು ಕೇಳಿತು. ಅಡಿಗೆಮನೆಯ ದೀಪ ಒಂದು ಗೆರೆ ಮಂಕಾಯಿತು. ಮೀಟರಿನಲ್ಲಿ ಅರವತ್ತೆಂಟು, ಆಮೇಲೆ ಎಪ್ಪತ್ತೊಂದು.

ಕಡ್ಡಿ ತೆಗೆದು, ಗೀಸರ್ ಆಫ್ ಮಾಡಿಸಿ, ಬಲ್ಬಿನ ಒಂದು ಕ್ಲಿಪ್ಪನ್ನು ನಲ್ಲಿಗೂ ಇನ್ನೊಂದನ್ನು ಹಿಡಿಗೂ ಕಚ್ಚಿಸಿ, ಕಡ್ಡಿಗಳನ್ನು ಮತ್ತೆ ಮೊದಲಿನ ಜಾಗಕ್ಕೇ ಹಿಡಿದೆ. “ಅಪ್ಪಾಜಿ, ಈಗ ಹಾಕ್ರಿ” ಎಂದು ಕೂಗಿದೆ. ಬಲ್ಬಿನ ಒಳಗಿನ ತಂತಿ ಊದುಬತ್ತಿಯ ತುದಿಯಂತೆ ಕೆಂಪಗಾಯಿತು. ಅಂಕಿ ಬೀಳಲಿಲ್ಲ, ಅರವತ್ತಾರರಲ್ಲಿ ನಿಂತಿತು. ಗ್ರೈಂಡರಿನ ಪ್ಲಗ್ಗಿನ ಸ್ವಿಚ್ಚನ್ನು ಯಾರೂ ಹಾಕಿಯೇ ಇರಲಿಲ್ಲ.

ಅವ್ವ ಬಗ್ಗಿ ಬಲ್ಬನ್ನು ನೋಡಿದಳು. “ಅದೇ” ಅಂದಳು.

ಅಪ್ಪಾಜಿ ಟವೆಲ್ಲು ಸುತ್ತಿಕೊಂಡು, “ಹಾಕು ಅಂತೀಯ, ತೆಗಿ ಅಂತೀಯ, ಏನವ್ವ ನಿಂದು” ಎನ್ನುತ್ತಾ ಬಂದವರು ಹೊಸ್ತಿಲಲ್ಲೇ ನಿಂತರು. ಅವ್ವನ ಚಪ್ಪಲಿಗಳ ಪಕ್ಕದಲ್ಲಿ. ನಲ್ಲಿಗೂ ಗ್ರೈಂಡರಿಗೂ ನಡುವೆ ಉರಿಯುತ್ತಿದ್ದ ಬಲ್ಬನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹೋಗಿ ಮೇನ್ ಸ್ವಿಚ್ ಕೆಳಗೆ ಎಳೆದರು.

ಮಧ್ಯಾಹ್ನ ಎಲೆಕ್ಟ್ರಿಷಿಯನ್ ಬಂದು ಮೀಟರ್ ಬೋರ್ಡು ಬಿಚ್ಚಿದ. ಕರೆಂಟು ಕಂಬಕ್ಕೆ ವಾಪಸ್ ಹೋಗುವ ನ್ಯೂಟ್ರಲ್ ತಂತಿಯಿಂದ ಅರ್ಥಿಂಗಿಗೆ ಗೇಣುದ್ದದ ಒಂದು ಹಸಿರು ವೈರು ಜೋಡಿಸಿತ್ತು.

“ಇದನ್ನ ಯಾರು ಹಾಕಿದ್ದು ಯಜಮಾನ್ರೆ?”

ಅಪ್ಪಾಜಿ, “ನಾನೇ” ಅಂದರು.

ಹಿಂದೊಮ್ಮೆ ಕಂಬದಲ್ಲಿ ನ್ಯೂಟ್ರಲ್ ತಂತಿ ಹರಿದು ಬೀದಿಯ ಟಿವಿಗಳೆಲ್ಲ ಸುಟ್ಟಾಗ, ಅಂಗಡಿಗೆ ಬರುವ ಈಸೂರು ಕಡೆಯ ಗಿರಾಕಿಯೊಬ್ಬರು ಈ ಉಪಾಯ ಹೇಳಿಕೊಟ್ಟಿದ್ದರಂತೆ: ನ್ಯೂಟ್ರಲ್ ಹೋದರೂ ಭೂಮಿ ಹಿಡಿದುಕೊಳ್ಳುತ್ತದೆ ಎಂದು. ಪಂಪುಸೆಟ್ಟಿನ ಮನೆಗಳಲ್ಲಿ ಎಷ್ಟೋ ಜನ ಹಾಗೆ ಮಾಡುತ್ತಾರೆ. ನಮ್ಮ ಬೀದಿಯ ನಾಲ್ಕು ಮನೆಗೆ ಅಪ್ಪಾಜಿಯೇ ಹೇಳಿಕೊಟ್ಟಿದ್ದರು. ಈಗ ಕಂಬದ ಜೋಡಣೆ ಸಡಿಲವಾಗಿ, ಮನೆಯ ಕರೆಂಟೆಲ್ಲ ವಾಪಸ್ ಹೋಗಲು ಗುಂಡಿಯನ್ನೇ ಹಿಡಿದಿತ್ತು. ಒಂದು ಬಕೀಟು ನೀರು ಸಾಲದೆ ಬೇಸಿಗೆಗೆ ಗುಂಡಿ ಒಣಗಿ ಅದಕ್ಕೂ ಸರಾಗ ದಾರಿಯಿರಲಿಲ್ಲ.

“ಅದಕ್ಕೇ ಅರ್ಥಿಂಗ್ ವೈರು ಹಿಡಿದು ಗ್ರೈಂಡರಿನ ಮೈಗೆ ಬರ್ತೈತಿ” ಅಂದ ಎಲೆಕ್ಟ್ರಿಷಿಯನ್. “ಗೀಸರ್ ಹಾಕಿದಾಗ ಆ ಗುಂಡಿ ಹತ್ರ ಒದ್ದೆ ಕಾಲಲ್ಲಿ ಯಾರೂ ಹೋಗ್ತಿರಲಿಲ್ಲ, ಪುಣ್ಯ.”

ಅಪ್ಪಾಜಿಯ ಸ್ನಾನ ಮೊದಲಾಗಿ, ಗೀಸರ್ ಆರಿಸುವ ಮೊದಲೇ ಅವ್ವ ತನ್ನ ಸ್ನಾನ ಮುಗಿಸಿ ಗುಂಡಿಗೆ ನೀರು ಹಾಕಿದ ದಿನಗಳೂ ಇದ್ದವು.

ಅವನು ಹಸಿರು ವೈರು ಕತ್ತರಿಸಿ ತೆಗೆದ. ಸಂಜೆಯೊಳಗೆ ಲೈನ್‌ಮನ್ ಕಂಬ ಹತ್ತಿ ಜೋಡಣೆ ಬಿಗಿ ಮಾಡಿದ. ಅಪ್ಪಾಜಿ ಆ ನಾಲ್ಕು ಮನೆಗಳಿಗೂ ಹೋಗಿ ಬಂದರು. ಏನು ಹೇಳಿದರೋ ಗೊತ್ತಿಲ್ಲ. ಊಟಕ್ಕೆ ಕೂತಾಗ ಅವ್ವನನ್ನು ಕೇಳಿದರು.

“ಯಾವಾಗಿಂದ ಹಿಂಗಾಗ್ತಿತ್ತು?”

“ಸಂಕ್ರಾಂತಿಯಿಂದ. ಹೇಳಿದ್ನಲ್ಲ.”

“ಹೇಳಿದ್ದಿ.” ಅನ್ನ ಕಲಸುತ್ತಾ, “ಇನ್ಮ್ಯಾಲೆ ಚಪ್ಪಲಿ ಹಾಕ್ಕೊಂಡೇ ಒಳಗೆ ಹೋಗು.”

“ದೇವರ ಮುಂದೆ ಚಪ್ಪಲಿ ಹಾಕ್ಕೊಂಡು ನಿಲ್ಲಲಾ? ಸುಮ್ನೆ ಉಣ್ರಿ.”

ನಾನು ನನ್ನ ಸೊನ್ನೆಯ ವಿಷಯ ಅವಳಿಗೆ ಹೇಳಬೇಕೆಂದಿದ್ದೆ. ವಾಕ್ಯ ಕೂಡಿಸಿಕೊಳ್ಳುತ್ತಿದ್ದಂತೆ ಅವಳು ಅಕ್ಕಿ, ಉದ್ದು ನೆನೆಸಲು ಎದ್ದಳು. ಬಟ್ಟೆ ಹಿಡಿಯ ಮೇಲೆ ಹಾಗೇ ಇತ್ತು. ಸರಿಯಾಗಿದೆ, ತೆಗೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಒಮ್ಮೆ ಹೇಳಿದ್ದೆನಲ್ಲ.

ಮರುದಿನ ಬೆಳಿಗ್ಗೆ ಅವಳಿಗಿಂತ ಮೊದಲೇ ಎದ್ದು ಸ್ನಾನ ಮಾಡಿದೆ. ಕಾಲು ಒರೆಸಿಕೊಳ್ಳದೆ ಅಡಿಗೆಮನೆಗೆ ಬಂದು, ಅಪ್ಪಾಜಿ ಗೀಸರ್ ಹಾಕುವವರೆಗೆ ಕಾದೆ. ದೀಪ ಮಂಕಾಗಲಿಲ್ಲ. ಕೈಯ ಕಡ್ಡಿ ಹಿಡಿಗೆ, ಕಾಲಿನ ಕಡ್ಡಿ ನಲ್ಲಿಗೆ. ಸೊನ್ನೆ ಪಾಯಿಂಟ್ ನಾಲ್ಕು ವೋಲ್ಟು. ಮೀಟರನ್ನು ಡಬ್ಬಿಗೆ ಹಾಕಿದೆ. ಅವ್ವ ಬಾಗಿಲಿಗೆ ಬಂದಿದ್ದಳು. ನೆನೆದ ಅಕ್ಕಿಯನ್ನು ಗ್ರೈಂಡರಿಗೆ ಸುರಿದು, ಸ್ವಿಚ್ ಹಾಕಿ, ಬಟ್ಟೆ ಮುಗಿಯುವ ಕಡೆ ಬರಿಯ ಉಕ್ಕನ್ನು ಹಿಡಿದು, ಹಿಟ್ಟು ನುಣ್ಣಗಾಗುವವರೆಗೆ ಬರಿಗಾಲಲ್ಲಿ ಅಲ್ಲೇ ನಿಂತೆ. ಏಳರ ಬಸ್ಸು ತಪ್ಪಿತು.